ಆಯಿಲ್ ಸೀಲ್ ಬದಲಿಸುವ ಮುಂಚೆ ಪಿಸಿವಿ ವಾಲ್ವ್ ನೋಡಿ

ಎಂಜಿನ್ ಕೆಳಗೆ ಆಯಿಲ್ ಜಿನುಗುತ್ತದೆ. ಗ್ಯಾರೇಜಿಗೆ ಒಯ್ದರೆ ಸೀಲ್ ಬದಲಿಸಿ ಕೊಡುತ್ತಾರೆ. ಸ್ವಲ್ಪ ದಿನ ಸರಿ ಇರುತ್ತದೆ, ಆಮೇಲೆ ಇನ್ನೊಂದು ಕಡೆ ಜಿನುಗು ಶುರು. ಈ ಸಲ ಎಂಜಿನ್ನಿನ ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರಿನ ಪ್ಯಾಕಿಂಗ್. ಅದೂ ಆಯಿತು ಅನ್ನುವಾಗ ಏರ್ ಫಿಲ್ಟರ್ ಡಬ್ಬಿಯೊಳಗೂ ಆಯಿಲ್ ಕಾಣುತ್ತದೆ. ಅಷ್ಟೊತ್ತಿಗೆ ಯಾರೋ ಒಬ್ಬರು "ಬ್ಯಾಕ್ ಕಂಪ್ರೆಶನ್ ಜಾಸ್ತಿ ಆಗಿದೆ ಸರ್, ರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು" ಎಂದು ತೀರ್ಪು ಕೊಟ್ಟಾಗಿರುತ್ತದೆ. ಅವರು ಹೇಳಿದ್ದು ನಿಜವೂ ಇರಬಹುದು. ಆದರೆ ಅದಕ್ಕೂ ಮುಂಚೆ ನೋಡಬೇಕಾದ ಒಂದು ಸಾಮಾನಿದೆ. ಹೆಬ್ಬೆರಳಿನಷ್ಟು ಗಾತ್ರ, ಒಳಗೊಂದು ಪಿನ್ನು, ಒಂದು ಸ್ಪ್ರಿಂಗು. ಅದರ ಹೆಸರು ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್) ವಾಲ್ವ್. ಎಂಜಿನ್ನಿನ ಹೊಟ್ಟೆಯೊಳಗೆ ಸೇರುವ ಗ್ಯಾಸನ್ನು ಹೊರಗೆಳೆದು ಮತ್ತೆ ಸುಡಲು ಕಳಿಸುವುದು ಅದರ ಕೆಲಸ.

ಹೊಟ್ಟೆ ಅಂದರೆ ಕ್ರ್ಯಾಂಕ್‌ಕೇಸ್, ಪಿಸ್ಟನ್‌ಗಳ ಕೆಳಗಿನ ಜಾಗ. ಕ್ರ್ಯಾಂಕ್ ಶಾಫ್ಟ್ ತಿರುಗುವುದು ಅಲ್ಲೇ, ಅದರ ಕೆಳಗೆ ಆಯಿಲ್ ನಿಲ್ಲುವ ಸಂಪ್. ನಮ್ಮ ಗ್ಯಾರೇಜುಗಳಲ್ಲಿ ಅದನ್ನು ಚೇಂಬರ್ ಅಂತಲೂ ಕರೆಯುತ್ತಾರೆ. ಪಿಸ್ಟನ್ ಮೇಲೆ ಬೆಂಕಿ, ಕೆಳಗೆ ಆಯಿಲ್. ಎರಡನ್ನೂ ಬೇರೆ ಮಾಡುವುದು ಪಿಸ್ಟನ್ನಿಗೆ ಸುತ್ತಿದ ಕಬ್ಬಿಣದ ರಿಂಗುಗಳು. ಈ ರಿಂಗುಗಳು ಪೂರ್ತಿ ಬಳೆಗಳಲ್ಲ. ಬಿಸಿಗೆ ಹಿಗ್ಗಲು ಜಾಗ ಬೇಕಲ್ಲ, ಅದಕ್ಕೆ ಪ್ರತಿ ರಿಂಗಿನ ತುದಿಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ಜೋರಾಗಿ ಎಳೆಯುವಾಗ ಮೇಲೆ ಹುಟ್ಟುವ ಒತ್ತಡ ಹೊರಗಿನ ಗಾಳಿಯ ಒತ್ತಡದ 40–50 ಪಟ್ಟು ಇರುತ್ತದೆ. ಅಷ್ಟು ಒತ್ತಡಕ್ಕೆ ಅಷ್ಟು ಸಂದು ಸಾಕು. ಪ್ರತಿ ಸಲವೂ ಒಂಚೂರು ಗ್ಯಾಸ್ ಕೆಳಗೆ ನುಸುಳುತ್ತದೆ. ಬ್ಯಾಕ್ ಕಂಪ್ರೆಶನ್ ಅನ್ನುವುದು ಇದನ್ನೇ. ಷೋರೂಮಿನಿಂದ ಇವತ್ತು ಬಂದ ಹೊಸ ಕಾರಿನಲ್ಲೂ ನುಸುಳುತ್ತದೆ. ಬ್ಯಾಕ್ ಕಂಪ್ರೆಶನ್ ಇಲ್ಲದ ಎಂಜಿನ್ ಅಂತ ಒಂದಿಲ್ಲ, ಎಷ್ಟಿದೆ ಅನ್ನುವುದಷ್ಟೇ ಪ್ರಶ್ನೆ.

ನುಸುಳಿದ ಗ್ಯಾಸಿನಲ್ಲಿ ದೊಡ್ಡ ಪಾಲು ಸುಡದೇ ಉಳಿದ ಪೆಟ್ರೋಲ್ ಆವಿ ಮತ್ತು ಗಾಳಿ. ಜೊತೆಗೆ ಹೊಗೆ, ಆಮ್ಲ ಮಾಡುವ ಅನಿಲಗಳು, ಮತ್ತು ನೀರಿನ ಆವಿ. ಈ ನೀರಿನ ಲೆಕ್ಕ ಹೆಚ್ಚಿನವರಿಗೆ ನಂಬಲು ಕಷ್ಟ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹತ್ತಿರ ಹತ್ತಿರ ಒಂದು ಲೀಟರ್ ನೀರೇ ಹುಟ್ಟುತ್ತದೆ. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕಕ್ಕೆ ಸೇರಿ ಆಗುವ ನೀರು ಅದು. ಅದರಲ್ಲಿ ಬಹುಪಾಲು ಸೈಲೆನ್ಸರ್ ದಾರಿಯಲ್ಲಿ ಆವಿಯಾಗಿ ಹೋಗುತ್ತದೆ. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್ ತುದಿಯಿಂದ ನೀರು ತೊಟ್ಟಿಕ್ಕುವುದು ಇದೇ. ಆದರೆ ಒಂದು ಸಣ್ಣ ಪಾಲು ರಿಂಗ್ ದಾಟಿ ಆಯಿಲ್ ಇರುವ ಕಡೆ ಇಳಿಯುತ್ತದೆ.

ಎಂಜಿನ್ ಚೆನ್ನಾಗಿ ಬಿಸಿಯಾಗಿದ್ದರೆ ಆ ನೀರು ಆವಿಯಾಗಿಯೇ ಇರುತ್ತದೆ, ಎಳೆದು ಹಾಕಬಹುದು. ತಣ್ಣಗಿದ್ದರೆ ಒಳಗೋಡೆಗೆ ಬೆವರಿನ ಹಾಗೆ ಕೂತು ಆಯಿಲ್‌ಗೆ ಸೇರುತ್ತದೆ. ಕಾರವಾರದಂಥ ಊರಲ್ಲಿ ಕಾರು ಓಡಿಸುವ ರೀತಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕೋಡಿಬಾಗದಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಶಾಲೆಗೆ, ಅಲ್ಲಿಂದ ಮನೆಗೆ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದಿರುತ್ತದೆ, ನಾವು ಎಂಜಿನ್ ಬಿಸಿಯಾಯಿತು ಅಂದುಕೊಳ್ಳುತ್ತೇವೆ. ಆ ಮುಳ್ಳು ತೋರಿಸುವುದು ಕೂಲಂಟಿನ ಬಿಸಿಯನ್ನು. ಆಯಿಲ್ ಬಿಸಿಯಾಗಲು ಅದಕ್ಕಿಂತ ಸುಮಾರು ಹೊತ್ತು ಜಾಸ್ತಿ ಬೇಕು. ಹೀಗೆ ತಿಂಗಳುಗಟ್ಟಲೆ ಓಡಿಸಿ ಆಯಿಲ್ ಹಾಕುವ ಮುಚ್ಚಳ ತೆಗೆದರೆ, ಅದರ ಅಡಿಯಲ್ಲಿ ಬೆಣ್ಣೆ ಬಣ್ಣದ ಲೋಳೆ ಅಂಟಿರುತ್ತದೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಹೊರಗಿನ ಗಾಳಿಯ ತೇವವೂ ಸ್ವಲ್ಪ ಸೇರುತ್ತದೆ ನಿಜ, ಆದರೆ ಬೈಯಬೇಕಾದ್ದು ಅರಬ್ಬೀ ಸಮುದ್ರವನ್ನಲ್ಲ. ನೀರು ಹೆಚ್ಚಾಗಿ ಬಂದದ್ದು ನಾವು ಬಂಕಿನಲ್ಲಿ ಹಾಕಿಸಿದ ಪೆಟ್ರೋಲಿನಿಂದ.

ಈ ಗ್ಯಾಸಿಗೆ ಹೊರದಾರಿ ಇಲ್ಲದಿದ್ದರೆ ಎರಡು ತೊಂದರೆ. ಒಂದು, ನೀರು, ಪೆಟ್ರೋಲ್, ಮಸಿ, ಆಮ್ಲ ಎಲ್ಲ ಕೂಡಿ ಆಯಿಲನ್ನು ಕೊಳೆಸಿ ಕರಿ ಕೆಸರು ಮಾಡುತ್ತವೆ. ಇನ್ನೊಂದು, ಒತ್ತಡ ಏರುತ್ತಾ ಹೋಗುತ್ತದೆ. ಆಯಿಲ್ ಸೀಲ್‌ಗಳು ಜೋರು ಒತ್ತಡ ತಡೆಯಲು ಮಾಡಿದವಲ್ಲ, ಸಿಡಿಯುವ ಆಯಿಲನ್ನು ಒಳಗಿಡಲು ಮಾಡಿದವು. ಒತ್ತಡ ಅವುಗಳ ತುಟಿಯನ್ನೇ ಎತ್ತಿಬಿಡುತ್ತದೆ. ಎಲ್ಲಿ ಸಡಿಲ ಇದೆಯೋ ಅಲ್ಲಿಂದ ಆಯಿಲ್ ಹೊರಗೆ. ಆ ಸೀಲ್ ಬದಲಿಸಿದರೆ ಒತ್ತಡ ಅದರ ಪಕ್ಕದ್ದನ್ನು ಹುಡುಕಿಕೊಂಡು ಹೋಗುತ್ತದೆ. ಮೇಲೆ ಹೇಳಿದ ರಿಪೇರಿ ಸರಣಿಯ ಗುಟ್ಟು ಇಷ್ಟೇ.

ಮೊದಲಿನ ಕಾಲದ ಗಾಡಿಗಳಲ್ಲಿ ಇದಕ್ಕೆ ಸರಳ ಉಪಾಯ ಇತ್ತು. ಎಂಜಿನ್ ಬದಿಯಿಂದ ಒಂದು ಪೈಪು ನೆಲದ ಕಡೆ ಇಳಿಬಿಡುವುದು. ಗಾಡಿ ಓಡುವಾಗ ಪೈಪಿನ ತುದಿಯ ಬಳಿ ಹಾಯುವ ಗಾಳಿ ಒಳಗಿನ ಗ್ಯಾಸನ್ನು ಎಳೆಯುತ್ತಿತ್ತು. ಗಾಡಿ ನಿಂತರೆ ಎಳೆತವೂ ನಿಂತಿತು. ಬಂದ ಗ್ಯಾಸೆಲ್ಲ ರಸ್ತೆಗೆ, ತೊಟ್ಟಿಕ್ಕಿದ ಆಯಿಲೂ ರಸ್ತೆಗೆ. ಹಳೆಯ ಡೀಸೆಲ್ ಲಾರಿಗಳ ಕೆಳಗೆ ಇಂಥ ಪೈಪನ್ನು ಈಗಲೂ ನೋಡಬಹುದು.

ಅದನ್ನು ಮುಚ್ಚುವ ಯೋಚನೆ ಮೊದಲು ಬಂದದ್ದು ಪರಿಸರದ ಕಾಳಜಿಯಿಂದಲ್ಲ, ಯುದ್ಧದಿಂದ. ಎರಡನೇ ಮಹಾಯುದ್ಧದ ಟ್ಯಾಂಕುಗಳು ಆಳದ ನೀರು ದಾಟಬೇಕಿತ್ತು. ತೆರೆದ ಪೈಪಿನಿಂದ ನೀರು ಸಂಪ್ ಸೇರಬಾರದು ಎಂದು ಗ್ಯಾಸನ್ನು ಎಂಜಿನ್ನಿಗೇ ತಿರುಗಿಸಿದರು. ಕಾರುಗಳಿಗೆ ಇದು ಬರಲು ಲಾಸ್ ಏಂಜಲೀಸಿನ ಹೊಗೆಮಂಜು ಕಾರಣ. 1950ರ ದಶಕದ ಆರಂಭದಲ್ಲಿ ಆರೀ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ, ಆ ಊರಿನ ಕಣ್ಣುರಿಸುವ ಮಂಜು ಹುಟ್ಟುವುದು ಸುಡದ ಇಂಧನದ ಆವಿ ಮತ್ತು ಹೊಗೆಯ ಮೇಲೆ ಬಿಸಿಲು ಬಿದ್ದಾಗ ಎಂದು ತೋರಿಸಿದರು. ಕಾರಿನಿಂದ ಹೊರಬೀಳುವ ಸುಡದ ಇಂಧನದಲ್ಲಿ ಸುಮಾರು ಐದನೇ ಒಂದು ಪಾಲು ಸೈಲೆನ್ಸರಿನಿಂದಲ್ಲ, ಈ ಇಳಿಬಿಟ್ಟ ಪೈಪಿನಿಂದಲೇ ಬರುತ್ತಿತ್ತು. 1961ರಲ್ಲಿ ಕ್ಯಾಲಿಫೋರ್ನಿಯಾ ಪಿಸಿವಿಯನ್ನು ಕಡ್ಡಾಯ ಮಾಡಿತು, 1963ರ ಮಾಡೆಲ್ ಕಾರುಗಳಿಂದ ಅದು ಜಾರಿಗೆ ಬಂತು. ಹೊಗೆ ತಡೆಯಲು ಕಾರಿಗೆ ಹಾಕಿದ ಮೊದಲ ಸಾಧನ ಇದು. ಅಷ್ಟು ಅಗ್ಗದಲ್ಲಿ ಅಷ್ಟು ಕೆಲಸ ಮಾಡಿದ ಇನ್ನೊಂದು ಸಾಧನ ಆಮೇಲೆ ಬರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇದರ ಏರ್ಪಾಡು ಅರ್ಥವಾಗಬೇಕಾದರೆ ಶಿರಸಿ ಕಡೆಯ ಹಳೇ ಮನೆಗಳ ಬಚ್ಚಲ ಒಲೆ ನೆನಪಿಸಿಕೊಳ್ಳಿ. ಹೊಗೆ ಮೇಲೆ ಹೋಗಲು ಚಿಮಣಿ ಇದ್ದರೆ ಸಾಲದು, ಒಲೆಯ ಬಾಯಿಂದ ಹೊಸ ಗಾಳಿಯೂ ಒಳಗೆ ಬರಬೇಕು. ಎರಡರಲ್ಲಿ ಒಂದು ಕಟ್ಟಿದರೂ ಹೊಗೆ ಬಚ್ಚಲ ತುಂಬ. ಎಂಜಿನ್ನಿಗೂ ಹಾಗೆ ಎರಡು ದಾರಿ ಇವೆ. ಏರ್ ಫಿಲ್ಟರ್ ದಾಟಿದ ಶುದ್ಧ ಗಾಳಿ ಒಂದು ಹೋಸ್ ಪೈಪಿನಿಂದ ಟ್ಯಾಪೆಟ್ ಕವರ್ ಒಳಗೆ ಬರುತ್ತದೆ. ಇದು ಬ್ರೀದರ್ ಹೋಸ್. ಆ ಗಾಳಿ ಕೆಳಗಿಳಿದು, ಅಲ್ಲಿನ ಕೊಳಕು ಗ್ಯಾಸಿಗೆ ಬೆರೆತು, ಇನ್ನೊಂದು ಬದಿಯಲ್ಲಿ ಪಿಸಿವಿ ವಾಲ್ವ್ ಮೂಲಕ ಹೊರಟು, ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಾದ ಇನ್‌ಟೇಕ್ ಮ್ಯಾನಿಫೋಲ್ಡ್ ಸೇರುತ್ತದೆ. ಅಲ್ಲಿಂದ ಸಿಲಿಂಡರಿಗೆ ಹೋಗಿ ಸುಟ್ಟು ಹೋಗುತ್ತದೆ.

ಎಳೆಯುವವರು ಯಾರು? ಪಿಸ್ಟನ್‌ಗಳೇ. ಪೆಟ್ರೋಲ್ ಎಂಜಿನ್ನಿನಲ್ಲಿ ಥ್ರಾಟಲ್ ಎಂಬ ತಟ್ಟೆ ಗಾಳಿಯ ದಾರಿಗೆ ಅಡ್ಡ ನಿಂತಿರುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟು ಅದು ತೆರೆದುಕೊಳ್ಳುತ್ತದೆ. ತಟ್ಟೆ ಮುಚ್ಚಿದ್ದಾಗ ಪಿಸ್ಟನ್‌ಗಳು ಗಾಳಿಗಾಗಿ ಎಳೆಯುತ್ತಲೇ ಇರುತ್ತವೆ, ಗಾಳಿ ಮಾತ್ರ ಸಿಗುವುದಿಲ್ಲ. ಹಾಗಾಗಿ ತಟ್ಟೆಯ ಆಚೆ ವ್ಯಾಕ್ಯೂಮ್ ಹುಟ್ಟುತ್ತದೆ. ಕಾರು ನಿಂತಲ್ಲೇ ಎಂಜಿನ್ ಓಡುವಾಗ ಈ ಎಳೆತ ಪಾದರಸದ ಲೆಕ್ಕದಲ್ಲಿ 450–550 ಮಿಲಿಮೀಟರ್ ಇರುತ್ತದೆ. ಪೂರ್ತಿ ಒತ್ತಿದಾಗ ಸೊನ್ನೆಯ ಹತ್ತಿರಕ್ಕೆ ಬರುತ್ತದೆ.

ಎಡವಟ್ಟು ಇರುವುದು ಇಲ್ಲೇ. ಎಂಜಿನ್ ಸುಮ್ನೆ ಓಡುತ್ತಿರುವಾಗ ನುಸುಳುವ ಗ್ಯಾಸ್ ಕಡಿಮೆ, ಎಳೆತ ಜಾಸ್ತಿ. ಘಟ್ಟ ಹತ್ತುವಾಗ ಗ್ಯಾಸ್ ಜಾಸ್ತಿ, ಎಳೆತ ಕಡಿಮೆ. ಬೇಕಾದ್ದಕ್ಕೂ ಸಿಗುವುದಕ್ಕೂ ಪೂರಾ ಉಲ್ಟಾ. ಸುಮ್ನೆ ಒಂದು ಪೈಪು ಹಾಕಿ ಜೋಡಿಸಿದ್ದರೆ ಐಡಲಿಂಗಿನಲ್ಲಿ ಬೇಡದಷ್ಟು ಗಾಳಿ ನುಗ್ಗಿ ಎಂಜಿನ್ ಗದಗದ ನಡುಗುತ್ತಿತ್ತು. ಅದನ್ನು ಸರಿ ಮಾಡಲೆಂದೇ ವಾಲ್ವ್ ಇರುವುದು.

ವಾಲ್ವಿನ ಒಳಗೆ ಒಂದು ಮೊನಚು ಪಿನ್ ಇದೆ. ಸ್ಪ್ರಿಂಗ್ ಅದನ್ನು ಎಂಜಿನ್ ಕಡೆಗೆ ತಳ್ಳುತ್ತದೆ, ವ್ಯಾಕ್ಯೂಮ್ ಅದನ್ನು ಮ್ಯಾನಿಫೋಲ್ಡ್ ಕಡೆಗೆ ಎಳೆಯುತ್ತದೆ. ಮ್ಯಾನಿಫೋಲ್ಡ್ ಕಡೆಯ ತೂತು ಸಣ್ಣದು. ಪಿನ್ನಿನ ಮೊನೆ ಆ ತೂತಿನೊಳಗೆ ಎಷ್ಟು ಹೊಕ್ಕಿದೆ ಅನ್ನುವುದರ ಮೇಲೆ ದಾರಿಯ ಅಗಲ ತೀರ್ಮಾನ ಆಗುತ್ತದೆ. ಕಂಪ್ಯೂಟರ್ ಇಲ್ಲ, ವೈರ್ ಇಲ್ಲ. ಎಳೆತವೇ ಎಳೆತವನ್ನು ತಡೆಯುತ್ತದೆ.

ಕುಮಟಾದಿಂದ ಶಿರಸಿಗೆ ಹೊರಟಿದ್ದೀರಿ ಅಂದುಕೊಳ್ಳಿ. ಕುಮಟಾದಲ್ಲಿ ಕಾರು ಸ್ಟಾರ್ಟ್ ಮಾಡಿ ನಿಲ್ಲಿಸಿದ್ದೀರಿ. ಥ್ರಾಟಲ್ ಮುಚ್ಚಿದೆ, ಎಳೆತ ಜೋರಾಗಿದೆ. ಪಿನ್ ಪೂರ್ತಿ ಮುಂದೆ ಹೋಗಿ ತೂತಿನೊಳಗೆ ಕೂತಿದೆ. ಅದರ ಸುತ್ತ ಉಳಿದ ಸಣ್ಣ ಸಂದಿನಲ್ಲಿ ಮಾತ್ರ ಗ್ಯಾಸ್ ಹೋಗುತ್ತಿದೆ. ಅಷ್ಟೇ ಸಾಕು, ಹುಟ್ಟುತ್ತಿರುವುದೂ ಅಷ್ಟೇ.

ಕತಗಾಲದವರೆಗೆ ಸಮತಟ್ಟು ರಸ್ತೆಯಲ್ಲಿ ಹದವಾಗಿ ಓಡಿಸುತ್ತೀರಿ. ಥ್ರಾಟಲ್ ಅರ್ಧಂಬರ್ಧ ತೆರೆದಿದೆ, ಎಳೆತ ಸ್ವಲ್ಪ ಇಳಿದಿದೆ. ಸ್ಪ್ರಿಂಗ್ ಪಿನ್ನನ್ನು ಸ್ವಲ್ಪ ಹಿಂದೆ ತಳ್ಳುತ್ತದೆ, ಮೊನೆ ತೂತಿನಿಂದ ಹೊರಬರುತ್ತದೆ, ದಾರಿ ಅಗಲವಾಗುತ್ತದೆ. ಎಳೆತವೂ ಇದೆ, ದಾರಿಯೂ ಇದೆ. ಎಂಜಿನ್ನಿನ ಹೊಟ್ಟೆ ಅತ್ಯಂತ ಚೆನ್ನಾಗಿ ಶುದ್ಧವಾಗುವುದು ಇಂಥ ಓಟದಲ್ಲೇ.

ದೇವಿಮನೆ ಘಟ್ಟ ಶುರುವಾಯಿತು. ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು, ಎರಡನೇ ಗೇರು, ಆಕ್ಸಿಲರೇಟರ್ ಪೂರ್ತಿ ಕೆಳಗೆ. ಥ್ರಾಟಲ್ ಬಾಗಿಲು ತೆರೆದಿದೆ, ವ್ಯಾಕ್ಯೂಮ್ ಹೆಸರಿಗಷ್ಟೇ ಇದೆ. ಸಿಲಿಂಡರಿನ ಒತ್ತಡ ಏರಿದೆ, ನುಸುಳುವ ಗ್ಯಾಸೂ ಜಾಸ್ತಿ. ವಾಲ್ವ್ ದಾರಿ ಬಿಟ್ಟರೂ ಎಳೆಯುವವರಿಲ್ಲ. ಆಗ ಮಿಕ್ಕಿದ ಗ್ಯಾಸ್ ಬಂದ ದಾರಿಯಲ್ಲೇ ವಾಪಸ್ ಹೊರಡುತ್ತದೆ. ಶುದ್ಧ ಗಾಳಿ ತರುವ ಬ್ರೀದರ್ ಹೋಸ್ ಉಲ್ಟಾ ಹರಿದು ಗ್ಯಾಸನ್ನು ಥ್ರಾಟಲಿಗೂ ಮುಂಚಿನ ಗಾಳಿ ಪೈಪಿಗೆ ಬಿಡುತ್ತದೆ. ಅದೂ ಸಿಲಿಂಡರಿಗೇ ಸೇರಿ ಸುಡುತ್ತದೆ, ಹಾಳಾಗುವುದಿಲ್ಲ. ಏರ್ ಫಿಲ್ಟರ್ ಕಡೆಯ ಪೈಪಿನಲ್ಲಿ ತೆಳ್ಳಗೆ ಆಯಿಲ್ ಪಸೆ ಇದ್ದರೆ ಗಾಬರಿ ಬೇಡ ಎನ್ನುವುದು ಇದಕ್ಕೇ. ಫಿಲ್ಟರೇ ಒದ್ದೆಯಾಗುವಷ್ಟು ಇದ್ದರೆ ಮಾತು ಬೇರೆ.

ಈಗ ವಾಪಸ್ ಇಳಿಯುವ ಹೊತ್ತು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಆ ಎತ್ತರವನ್ನೆಲ್ಲ ಇಳಿದೇ ತೀರಿಸಬೇಕು. ಕೆಳಗಿನ ಗೇರಿನಲ್ಲಿ, ಆಕ್ಸಿಲರೇಟರಿಂದ ಕಾಲು ತೆಗೆದು, ಎಂಜಿನ್ನಿನ ಹಿಡಿತದಲ್ಲಿ ಇಳಿಯುತ್ತೀರಿ. ಥ್ರಾಟಲ್ ಮುಚ್ಚಿದೆ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿದೆ. ಎಳೆತ ಐಡಲಿಂಗಿಗಿಂತಲೂ ಜಾಸ್ತಿ. ಪಿನ್ ಗಟ್ಟಿಯಾಗಿ ತೂತಿನಲ್ಲಿ ಕೂತು ದಾರಿ ಕಿರಿದು ಮಾಡಬೇಕು. ಕೆಸರು ಹಿಡಿದು ಪಿನ್ ಮಧ್ಯದಲ್ಲೇ ಸಿಕ್ಕಿಕೊಂಡಿದ್ದರೆ, ಗ್ಯಾಸಿನ ಜೊತೆ ಆಯಿಲಿನ ಮಂಜನ್ನೂ ಬಾಚಿ ಎಳೆಯುತ್ತದೆ. ಘಟ್ಟದ ಬುಡದಲ್ಲಿ ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಹಿಂದಿನಿಂದ ಒಂದು ಬುಗ್ಗೆ ನೀಲಿ ಹೊಗೆ. ಎಂಜಿನ್ ಹೆಡ್ಡಿನೊಳಗಿನ ವಾಲ್ವ್‌ಗಳು ಆಡುವ ಗೈಡ್‌ಗಳು ಸವೆದರೂ ಇದೇ ಥರ ಹೊಗೆ ಬರುತ್ತದೆ. ಅದಕ್ಕೇ ಹೊಗೆ ಕಂಡ ಕೂಡಲೇ ಹೆಡ್ ಬಿಚ್ಚಲು ಒಪ್ಪಬೇಡಿ.

ಇನ್ನೊಂದು ಕೆಲಸ ಈ ಪಿನ್ನಿಗಿದೆ. ಎಂಜಿನ್ ಆಫ್ ಆದಾಗ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳಿ ದಾರಿ ಮುಚ್ಚುತ್ತದೆ. ಬ್ಯಾಕ್‌ಫೈರ್ ಆಗಿ ಮ್ಯಾನಿಫೋಲ್ಡಿನಲ್ಲಿ ಬೆಂಕಿ ಹೊತ್ತಿದರೂ ಅದೇ ರೀತಿ ಟಪ್ ಎಂದು ಮುಚ್ಚಿಕೊಳ್ಳುತ್ತದೆ. ಕೆಳಗಿರುವುದು ಪೆಟ್ರೋಲ್ ಆವಿ ಅಲ್ವಾ, ಅಲ್ಲಿಗೆ ಬೆಂಕಿ ಇಳಿಯಬಾರದು.

ಟರ್ಬೋ ಪೆಟ್ರೋಲ್ ಕಾರುಗಳಲ್ಲಿ ಟರ್ಬೋ ಊದುವಾಗ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಬದಲು ಒತ್ತಡವೇ ಇರುತ್ತದೆ. ಆಗ ಈ ವಾಲ್ವ್ ಮುಚ್ಚಿ, ಗ್ಯಾಸನ್ನು ಟರ್ಬೋದ ಮುಂಚಿನ ಪೈಪಿಗೆ ಕಳಿಸುತ್ತಾರೆ. ಡೀಸೆಲ್ಲಿನ ಕಥೆ ಬೇರೆ. ಅಲ್ಲಿ ಪೆಟ್ರೋಲ್ ಎಂಜಿನ್ನಿನಂಥ ವ್ಯಾಕ್ಯೂಮ್ ಇಲ್ಲ, ಹಾಗಾಗಿ ಪಿನ್-ಸ್ಪ್ರಿಂಗ್ ವಾಲ್ವ್ ನಡೆಯುವುದಿಲ್ಲ. ಬದಲಿಗೆ ರಬ್ಬರ್ ಪೊರೆಯ ವಾಲ್ವ್, ಜೊತೆಗೆ ಆಯಿಲ್ ಹನಿಗಳನ್ನು ಬೇರೆ ಮಾಡುವ ಸೆಪರೇಟರ್ ಇರುತ್ತದೆ. ಬ್ರೀದರ್ ಪೈಪು ತೆರೆದೇ ಇರುವ ಹಳೆಯ ಡೀಸೆಲ್ ಎಂಜಿನ್ ಆದರೆ, ಅದು ಲಾರಿಯಲ್ಲಿರಲಿ ದೋಣಿಯಲ್ಲಿರಲಿ, ಪಳಗಿದ ಮೆಕ್ಯಾನಿಕ್ ಆ ಪೈಪಿನ ಹೊಗೆ ನೋಡಿಯೇ ರಿಂಗ್ ಎಷ್ಟು ಸವೆದಿದೆ ಎಂದು ಅಂದಾಜು ಮಾಡುತ್ತಾನೆ. ಡೀಸೆಲ್ ಇದ್ದವರಿಗೆ ಒಂದೇ ಮಾತು. ಆಯಿಲ್ ಮಟ್ಟ ಗೆರೆ ಮೀರಿ ಹಾಕಿಸಬೇಡಿ. ಹೆಚ್ಚಾದ ಆಯಿಲ್ ಬ್ರೀದರ್ ದಾರಿಯಲ್ಲಿ ಇನ್‌ಟೇಕ್ ಸೇರಿದರೆ ಎಂಜಿನ್ ಅದನ್ನೇ ಡೀಸೆಲ್ ಥರ ಸುಡುತ್ತಾ, ಕೀ ತೆಗೆದರೂ ನಿಲ್ಲದೆ ಓಡಬಹುದು.

ಹೊಸ ಪೆಟ್ರೋಲ್ ಕಾರುಗಳಲ್ಲೂ ಹಲವು ಕಡೆ ಬಿಡಿ ವಾಲ್ವ್ ಸಿಗುವುದಿಲ್ಲ. ಟ್ಯಾಪೆಟ್ ಕವರ್ ಒಳಗೇ ರಬ್ಬರ್ ಪೊರೆ ಕೂಡಿಸಿಬಿಟ್ಟಿರುತ್ತಾರೆ. ಪೊರೆ ಹರಿದರೆ ಇಡೀ ಕವರ್ ಬದಲಿಸಬೇಕು. ನೂರಾರು ರೂಪಾಯಿಯಲ್ಲಿ ಮುಗಿಯುತ್ತಿದ್ದದ್ದು ಸಾವಿರಗಳಿಗೆ ಹೋಗುತ್ತದೆ. ಇದನ್ನು ಪ್ರಗತಿ ಅನ್ನಲು ನನಗಂತೂ ಮನಸ್ಸಿಲ್ಲ.

ವಾಲ್ವ್ ಕಟ್ಟಿಕೊಂಡರೆ ಕಾಣುವುದು ಒತ್ತಡದ ಲಕ್ಷಣಗಳು. ಅಲ್ಲಲ್ಲಿ ಆಯಿಲ್ ಜಿನುಗು, ಏರ್ ಫಿಲ್ಟರಿನಲ್ಲಿ ಆಯಿಲ್, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತಾನಾಗಿ ಮೇಲೆ ಏಳುವುದು, ಬೇಗ ಕಪ್ಪಾಗುವ ಆಯಿಲ್. ತೆರೆದೇ ಉಳಿದರೆ ಉಲ್ಟಾ. ಅಳತೆ ಮೀರಿದ ಗಾಳಿ ಸೇರಿ ಐಡಲಿಂಗ್ ಏರಿಳಿಯುತ್ತದೆ, ಚೆಕ್ ಎಂಜಿನ್ ದೀಪ ಹತ್ತಬಹುದು, ಆಯಿಲ್ ಖರ್ಚಾಗುತ್ತದೆ. ಪೊರೆ ಹರಿದ ಕಾರಿನಲ್ಲಿ ಸಿಳ್ಳೆ ಕೇಳುತ್ತದೆ, ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ಎತ್ತಲು ಹೋದರೆ ಒಳಗಿನಿಂದ ಯಾರೋ ಹಿಡಿದ ಹಾಗೆ ಬಿಗಿಯಾಗಿರುತ್ತದೆ.

ಮನೆಯಲ್ಲೇ ನೋಡುವುದು ಕಷ್ಟವಲ್ಲ. ಎಂಜಿನ್ ಬಿಸಿಯಾದ ಮೇಲೆ ಐಡಲಿಂಗಿನಲ್ಲಿ ಬಿಟ್ಟು ಆಯಿಲ್ ಮುಚ್ಚಳ ತೆಗೆಯಿರಿ. ಬಾಯಿಯ ಮೇಲೆ ಒಂದು ತೆಳು ಕಾಗದ ಇಡಿ. ಅದು ಮೆಲ್ಲಗೆ ಒಳಗೆ ಎಳೆದುಕೊಂಡರೆ ಗ್ಯಾಸ್ ಹೋಗುತ್ತಿದೆ. ಕಾಗದ ಹಾರಿದರೆ ಒಂದೋ ದಾರಿ ಕಟ್ಟಿದೆ, ಇಲ್ಲವೇ ನುಸುಳುವ ಗ್ಯಾಸೇ ಜಾಸ್ತಿ. ಕೆಲವು ಕಾರುಗಳಲ್ಲಿ ಮುಚ್ಚಳ ತೆಗೆದ ಕೂಡಲೇ ಎಂಜಿನ್ ಓಟ ಸ್ವಲ್ಪ ತಡವರಿಸುತ್ತದೆ. ಹೆದರಬೇಡಿ, ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಯಿತು ಅಷ್ಟೇ. ಬಿಡಿ ವಾಲ್ವ್ ಇದ್ದರೆ ಅದನ್ನು ಟ್ಯಾಪೆಟ್ ಕವರಿನಿಂದ ಕಿತ್ತು, ಹೋಸ್ ಅದರಲ್ಲೇ ಇರುವಾಗ, ತೂತಿಗೆ ಬೆರಳು ಒತ್ತಿ. ಎಳೆತ ಗೊತ್ತಾಗಬೇಕು. ಎಂಜಿನ್ ಆಫ್ ಮಾಡಿ ವಾಲ್ವ್ ಅಲುಗಾಡಿಸಿದರೆ ಪಿನ್ ಕಟಕಟ ಸದ್ದು ಮಾಡಬೇಕು. ಸದ್ದಿಲ್ಲದಿದ್ದರೆ ಕೆಟ್ಟಿದೆ. ಸದ್ದು ಬಂದ ಮಾತ್ರಕ್ಕೆ ಸರಿ ಇದೆ ಅಂತಲೂ ಅಲ್ಲ, ಸ್ಪ್ರಿಂಗ್ ಸೋತಿರಬಹುದು. ಬೆಲ್ಟ್, ಫ್ಯಾನ್ ತಿರುಗುತ್ತಿರುತ್ತವೆ, ಲುಂಗಿ ಉಟ್ಟುಕೊಂಡು ಈ ಕೆಲಸಕ್ಕೆ ಇಳಿಯಬೇಡಿ. ಹೊಸ ವಾಲ್ವ್ ಹಾಕಿ, ಹೋಸ್ ಶುದ್ಧ ಮಾಡಿದ ಮೇಲೂ ಕಾಗದ ಹಾರುತ್ತಿದ್ದರೆ ಕಂಪ್ರೆಶನ್ ಟೆಸ್ಟ್ ಮಾಡಿಸಿ. ರಿಂಗಿನ ವಿಷಯ ಮಾತಾಡಬೇಕಾದ್ದು ಆ ಅಳತೆ ಕೈಗೆ ಬಂದ ಮೇಲೆ.

ಮುಚ್ಚಳದಡಿಯ ಬೆಣ್ಣೆ ಲೋಳೆ ಬಗ್ಗೆ ಒಂದು ಎಚ್ಚರ. ಲೋಳೆ ಮುಚ್ಚಳಕ್ಕೆ ಮಾತ್ರ ಇದ್ದು, ಡಿಪ್‌ಸ್ಟಿಕ್ಕಿನ ಆಯಿಲ್ ಚೊಕ್ಕ ಇದ್ದರೆ ಅದು ಸಣ್ಣ ಓಡಾಟದ ತೇವ. ಒರೆಸಿ ತೆಗೆಯಿರಿ, ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅಂಕೋಲಾ ತನಕ ಹೋಗಿ ಬನ್ನಿ. ಆಯಿಲ್ ಬಿಸಿಯಾಗಿ ನೀರು ಆವಿಯಾಗುತ್ತದೆ, ಪಿಸಿವಿ ಅದನ್ನು ಎಳೆದು ಹಾಕುತ್ತದೆ. ವಾಲ್ವ್ ಕಟ್ಟಿದ್ದರೆ ಮಾತ್ರ ಆವಿ ಎದ್ದು ಮತ್ತೆ ಅಲ್ಲೇ ಕೂರುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲೇ ಹಾಲು ಕಲಸಿದ ಬಣ್ಣಕ್ಕೆ ತಿರುಗಿದ್ದು, ಕೂಲಂಟ್ ಕಡಿಮೆಯಾಗುತ್ತಿದ್ದರೆ ಅದು ಹೆಚ್ಚಾಗಿ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿನ ಕೆಳಗಿನ ಪ್ಯಾಕಿಂಗಿನ ಸಮಸ್ಯೆ. ಆ ಕಾರನ್ನು ಓಡಿಸಬಾರದು.

ಕೆಲವು ಕಡೆ ಒಂದು ಚಾಳಿ ಇದೆ. ಏರ್ ಫಿಲ್ಟರಿಗೆ ಆಯಿಲ್ ಬರುತ್ತದೆ ಎಂದು ಬ್ರೀದರ್ ಹೋಸ್ ಬಿಚ್ಚಿ ನೆಲಕ್ಕೆ ಬಿಡುವುದು, ಆ ಕಡೆಯ ತೂತಿಗೆ ಬೂಚು ಹಾಕುವುದು. ಫಿಲ್ಟರ್ ಒಣಗುತ್ತದೆ, ಗಿರಾಕಿ ಖುಷಿ. ಆದರೆ ಈಗ ಒಳಗೆ ಹೋಗುವುದು ಫಿಲ್ಟರ್ ಕಾಣದ ಗಾಳಿ. ಹೆದ್ದಾರಿಯ ಧೂಳೆಲ್ಲ ನೇರ ಆಯಿಲ್‌ಗೆ. ಗಾಳಿ ಅಳೆಯುವ ಸೆನ್ಸರಿನ ಲೆಕ್ಕವೂ ತಪ್ಪುತ್ತದೆ. ಗಂಗಾವಳಿ ಹೊಳೆ ಉಕ್ಕಿ ರಸ್ತೆ ಮೇಲೆ ನೀರು ನಿಂತಾಗ ಆ ಪೈಪಿನ ಬಾಯಿ ನೀರೊಳಗೆ. ಹೋಸ್ ಸರಿ ಇದ್ದ ಮಾತ್ರಕ್ಕೆ ನೆರೆ ನೀರಿಗೆ ಇಳಿಯಬಹುದು ಅಂತಲ್ಲ, ಏರ್ ಫಿಲ್ಟರ್ ದಾರಿಯಲ್ಲಿ ನೀರು ಸಿಲಿಂಡರ್ ಸೇರಿದರೆ ಎಂಜಿನ್ ಮುರಿದೇ ಹೋಗುತ್ತದೆ. ಆಯಿಲ್ ಕ್ಯಾಚ್ ಕ್ಯಾನ್ ಎಂದು ಒಂದು ಡಬ್ಬಿ ಮಾರುತ್ತಾರಲ್ಲ, ಅದನ್ನು ದಾರಿಯ ನಡುವೆ ಜೋಡಿಸಿ ಆಗಾಗ ಖಾಲಿ ಮಾಡಿದರೆ ತೊಂದರೆ ಇಲ್ಲ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಸಿಂಪಡಿಸುವ ಎಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವ್ ಮೇಲೆ ಮಸಿ ಕಟ್ಟುವುದನ್ನು ಅದು ಸ್ವಲ್ಪ ತಡೆಯಲೂಬಹುದು. ಉಳಿದ ಕಾರುಗಳಿಗೆ ಅದರ ಅಗತ್ಯ ನನಗೆ ಕಂಡಿಲ್ಲ.

ಬದಲಿಸುವಾಗ ವಾಲ್ವ್ ಜೊತೆ ಅದು ಕೂರುವ ರಬ್ಬರ್ ಬಳೆಯನ್ನೂ (ಗ್ರಾಮೆಟ್), ಬಿರುಕು ಬಿಟ್ಟಿದ್ದರೆ ಹೋಸನ್ನೂ ಬದಲಿಸಿ. ಮಳೆಗಾಲದಲ್ಲಿ ಬಾನೆಟ್ ಒಳಗೆ ಬೆಚ್ಚಗೆ ಕೂರುವ ಇಲಿಗಳಿಗೆ ಈ ಹೋಸ್ ಅಂದರೆ ಬಹಳ ಪ್ರೀತಿ, ಹಿಂದಿನ ಬದಿಯನ್ನೂ ಕೈಯಾಡಿಸಿ ನೋಡಿ. ಅಂಗಡಿಯಲ್ಲಿ "ಇದೇ ಸೈಜು, ಕೂರುತ್ತೆ" ಎಂದು ಬೇರೆ ಕಾರಿನ ವಾಲ್ವ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಹೊರಗಿನಿಂದ ಒಂದೇ ಥರ ಕಂಡರೂ ಒಳಗಿನ ಸ್ಪ್ರಿಂಗ್ ಮತ್ತು ತೂತಿನ ಅಳತೆ ಆಯಾ ಎಂಜಿನ್ನಿಗೆ ಹೊಂದಿಸಿದ್ದು. ಪಾರ್ಟ್ ನಂಬರ್ ಹೇಳಿಯೇ ತರಿಸಿ.